ಡಾಕ್ಯುಮೆಂಟ್ ಇಲ್ಲದಿರೋದು ಬೇರೆ, ಕೈಯಲ್ಲಿ ಇಲ್ಲದಿರೋದು ಬೇರೆ

ಊರಿಂದ ತಂದ ಕೆಎ ನಂಬರ್ ಗಾಡಿಯನ್ನ ಬೇರೆ ರಾಜ್ಯದಲ್ಲಿ ಓಡಿಸೋ ನಮ್ಮಂಥವರಿಗೆ ಇವತ್ತಿನ ಮಾತು. ಪುಣೆಯಲ್ಲಿ ವಾಕಡ್‌ನಿಂದ ಹಿಂಜೆವಾಡಿ ಆಫೀಸಿಗೆ ಹೊರಟಿದೀರಿ ಅಂದ್ಕೊಳ್ಳಿ. ಟ್ರಾಫಿಕ್ ಪೊಲೀಸರು ಗಾಡಿ ನಿಲ್ಲಿಸಿ ಆರ್‌ಸಿ, ಇನ್ಶೂರೆನ್ಸ್ ಕೇಳ್ತಾರೆ. ಎಲ್ಲಾ ಇದೆ, ಆದರೆ ಹುಬ್ಬಳ್ಳಿ ಮನೆಯ ಬೀರುವಿನಲ್ಲಿದೆ. ಈಗೇನು?

ಕಾನೂನಿನಲ್ಲಿ ಇವು ಎರಡು ಬೇರೆ ಬೇರೆ ತಪ್ಪು. ಕಾಗದ ಇದೆ ಆದರೆ ತೋರಿಸಲಿಲ್ಲ ಅಂದ್ರೆ ಅದು ಮೋಟಾರು ವಾಹನ ಕಾಯ್ದೆಯ ಸಾಮಾನ್ಯ ದಂಡ, ಸೆಕ್ಷನ್ 177. ಮೊದಲ ಸಲಕ್ಕೆ 500 ರೂಪಾಯಿವರೆಗೆ. ಕಾಗದವೇ ಇಲ್ಲ ಅಂದ್ರೆ ಕಥೆ ಬೇರೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಓಡಿಸಿದ್ರೆ 5,000, ಇನ್ಶೂರೆನ್ಸ್ ಇಲ್ಲದಿದ್ರೆ ಮೊದಲ ಸಲ 2,000, ಜೊತೆಗೆ 3 ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಸ್ಥಳದಲ್ಲಿ ಕಟ್ಟೋ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತೆ. ಹಾಗಾಗಿ ಚಲನ್‌ನಲ್ಲಿ ಮೊತ್ತಕ್ಕಿಂತ ಮೊದಲು ಯಾವ ಸೆಕ್ಷನ್ ಹಾಕಿದಾರೆ ಅಂತ ನೋಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 139ರ ಪ್ರಕಾರ ದಾಖಲೆಗಳನ್ನ ಎಲೆಕ್ಟ್ರಾನಿಕ್ ರೂಪದಲ್ಲೂ ತೋರಿಸಬಹುದು. ಅದೂ ಕೈಯಲ್ಲಿ ಇಲ್ಲ ಅಂದ್ರೆ, ದೃಢೀಕರಿಸಿದ ಪ್ರತಿಯನ್ನ 15 ದಿನದೊಳಗೆ ಕೇಳಿದ ಅಧಿಕಾರಿಗೆ ಖುದ್ದಾಗಿ ಕೊಡಬಹುದು, ಇಲ್ಲವೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬಹುದು. ರಸ್ತೆ ಮೇಲೆ ನಿಂತು ನಿಯಮದ ನಂಬರ್ ಹೇಳೋಕೆ ಹೋಗಬೇಡಿ, ಅದರಿಂದ ಯಾರಿಗೂ ಉಪಯೋಗ ಆಗಲ್ಲ. "ಸಾಹೇಬ್, ಕಾಗದಪತ್ರ ಆಹೇತ್, ಆತ್ತಾ ಜವಳ್ ನಾಹೀತ್" ಅನ್ನಿ. ಇಷ್ಟು ಮರಾಠಿ ಸಾಕು.

ಎಲೆಕ್ಟ್ರಾನಿಕ್ ಅಂದ್ರೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಬರೋ ಆರ್‌ಸಿ, ಡಿಎಲ್. ಗ್ಯಾಲರಿಯಲ್ಲಿರೋ ಫೋಟೋ, ಅಪ್ಪ ವಾಟ್ಸಾಪ್ ಮಾಡಿದ ಸ್ಕ್ಯಾನ್ ಇದಕ್ಕೆ ಸಮ ಅಲ್ಲ. ಒಂದು ತೊಡಕಿದೆ: ಹಳೇ ಡಿಎಲ್ ಆಗಿದ್ರೆ ಕೇಂದ್ರದ ಡೇಟಾಬೇಸಿಗೆ ಎಂಟ್ರಿ ಆಗದೇ ಇರಬಹುದು, ಆಗ ಡಿಜಿಲಾಕರ್ ಹುಡುಕಿದ್ರೂ ಸಿಗಲ್ಲ. ಅದನ್ನ ಊರಿನ ಆರ್‌ಟಿಓದಲ್ಲೇ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ದೀಪಾವಳಿಗೆ ಹೋದಾಗ ಮುಗಿಸಿಬಿಡಿ. ಇನ್ಶೂರೆನ್ಸ್‌ದೂ ಹಾಗೇ, ನಿನ್ನೆ ರಿನ್ಯೂ ಮಾಡಿದ್ದು ಇವತ್ತು ಪೊಲೀಸರ ಮಷಿನ್‌ನಲ್ಲಿ ಕಾಣದೇ ಹೋಗಬಹುದು. ಸಿಂಕ್ ಸಮಸ್ಯೆ, ನಮ್ಮ ಫೀಲ್ಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಲಿಸಿಯ ಪಿಡಿಎಫ್ ಫೋನಲ್ಲಿ ಬೇರೆ ಇಟ್ಕೊಳ್ಳಿ.

ಚಲನ್ ಬಿದ್ದಾಯ್ತು, ಸೆಕ್ಷನ್ ತಪ್ಪಿದೆ ಅನ್ನಿ. ದುಡ್ಡು ಕಟ್ಟೋ ಮೊದಲೇ ಮಾತಾಡಬೇಕು, ಕಟ್ಟಿದ ಮೇಲೆ ಕೇಸ್ ಮುಗಿದ ಹಾಗೆ. ಇ-ಚಲನ್ ಪೋರ್ಟಲ್‌ನಲ್ಲಿ ದೂರು ಕೊಡೋ ಆಪ್ಷನ್ ಇದೆ, ಅವತ್ತಿನ ತಾರೀಖಿಗೆ ಚಾಲ್ತಿಯಲ್ಲಿದ್ದ ದಾಖಲೆ ಲಗತ್ತಿಸಿ. ವರ್ಚುವಲ್ ಕೋರ್ಟಿಗೆ ಹೋಗಿದ್ರೆ ಅಲ್ಲೂ ದಂಡ ಕಟ್ಟೋದು, ಕೇಸ್ ನಡೆಸೋದು ಎರಡೂ ದಾರಿ ಇದೆ. ಎಸ್ಎಂಎಸ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಸೈಟಿನ ಹೆಸರನ್ನ ನೀವೇ ಟೈಪ್ ಮಾಡಿ. ಚಲನ್ ಅಂತ ವಾಟ್ಸಾಪಿಗೆ ಎಪಿಕೆ ಫೈಲ್ ಬಂದ್ರೆ ಅದು ಮೋಸವೇ.

ಇನ್ಶೂರೆನ್ಸ್ ನಿಜವಾಗ್ಲೂ ಮುಗಿದಿದ್ರೆ ಈ ಯಾವ ದಾರಿನೂ ಇಲ್ಲ. ಬೆಳಿಗ್ಗೆ ಸಿಕ್ಕಿಬಿದ್ದು ಸಂಜೆ ಪಾಲಿಸಿ ತಗೊಂಡ್ರೆ ಬೆಳಗಿನ ಚಲನ್ ಹೋಗಲ್ಲ, ಪಾಲಿಸಿ ಮೇಲೆ ಶುರುವಾಗೋ ಗಂಟೆ ನಿಮಿಷ ಸಮೇತ ಇರುತ್ತೆ. ಆ ಚಲನ್ ಕಟ್ಟಿಬಿಡಿ.

ಇನ್ನು ಗಾಡಿ ಹೊರರಾಜ್ಯದಲ್ಲಿ 12 ತಿಂಗಳು ದಾಟಿದ್ರೆ ಅಲ್ಲಿನ ನಂಬರ್ ಹಾಕಿಸಬೇಕು, ಅದು ಸೆಕ್ಷನ್ 47. ಎನ್ಓಸಿ, ಟ್ಯಾಕ್ಸ್ ವಾಪಸ್, ಬಿಎಚ್ ಸೀರೀಸ್ ಎಲ್ಲಾ ಮುಂದಿನ ವಿಡಿಯೋದಲ್ಲಿ ನೋಡೋಣ.