ಪಟ್ಟಿಯೊಳಗಿನ ಅಪರಿಚಿತರು

ಮದುವೆಯ ಕರೆಯೋಲೆಯಿಂದ ಹಿಡಿದು ಮಾನಸಗಂಗೋತ್ರಿಯ ಪಿಎಚ್‌.ಡಿ. ಮಹಾಪ್ರಬಂಧದವರೆಗೆ ಎಲ್ಲವನ್ನೂ ಅಚ್ಚಿಗೆ ಅಣಿಮಾಡಿಕೊಡುವ ಮೈಸೂರಿನ ಡಿಟಿಪಿ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಅಲ್ಲಿನ ಹಳೆಯ ವಿಂಡೋಸ್ ಕಂಪ್ಯೂಟರು ಏದುಸಿರು ಬಿಡುತ್ತಿದೆ. ಬೇಡದ್ದನ್ನೆಲ್ಲ ತೆಗೆದುಹಾಕೋಣವೆಂದು ಮಾಲೀಕರು ಸೆಟಿಂಗ್ಸ್‌ಗೆ ಹೋಗಿ ಪ್ರೋಗ್ರಾಂಗಳ ಪಟ್ಟಿ ತೆರೆಯುತ್ತಾರೆ. ನುಡಿ, ಬರಹ, ಪೇಜ್‌ಮೇಕರ್, ವಿನ್‌ರಾರ್, ಪ್ರಿಂಟರಿನ ಜೊತೆ ಬಂದ ಒಂದಷ್ಟು ಪರಿವಾರ, ಇವೆಲ್ಲ ಗುರುತಿನವು. ನಡುನಡುವೆ 'ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 2008 ರೀಡಿಸ್ಟ್ರಿಬ್ಯೂಟಬಲ್' ಎಂಬಂಥ ನಾಲಿಗೆ ಹೊರಳದ ಹೆಸರುಗಳು. ಅವೂ ಒಂದಲ್ಲ, ಆರೇಳು. 2005, 2010, 2013 ಎಂದು ಇಸವಿ ಮಾತ್ರ ಬೇರೆ. ಕೈ ತಾನಾಗಿ ಹೋಗುವುದು ಇವುಗಳ ಕಡೆಗೇ. ಗುರುತಿಲ್ಲದವರನ್ನು ಮೊದಲು ಹೊರಗೆ ಕಳಿಸೋಣ ಎಂಬ ಈ ಕ್ರಮ ಸಹಜವಾಗಿ ಕಂಡರೂ ತಲೆಕೆಳಗಾದದ್ದು ಎಂಬುದು ನನ್ನ ವಾದ. ಪ್ರೋಗ್ರಾಂ ಎಲ್ಲಿಂದ ಬಂತು, ಅದನ್ನು ಯಾರು ನೆಚ್ಚಿಕೊಂಡಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಬರೀ ಹೆಸರು ನೋಡಿ ತೀರ್ಮಾನಿಸಿದರೆ ಕಳ್ಳ ಒಳಗೇ ಉಳಿದು, ಮನೆಯಾಳು ಬೀದಿಗೆ ಬೀಳುತ್ತಾನೆ.

ಮೊದಲಿಗೆ, ಆ ಪಟ್ಟಿ ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ವಿಂಡೋಸ್ ತನ್ನ ಡಿಸ್ಕನ್ನು ಜಾಲಾಡಿ, ಜನಗಣತಿಯ ಹಾಗೆ ಒಂದೊಂದೇ ಪ್ರೋಗ್ರಾಮನ್ನು ಎಣಿಸಿ ಅದನ್ನು ತಯಾರಿಸುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನಿಜಕ್ಕೂ ಅದು ಲಾಡ್ಜಿನ ರಿಜಿಸ್ಟರಿನಂಥದ್ದು. ಪ್ರೋಗ್ರಾಂ ಒಳಗೆ ಬರುವಾಗ ರಿಜಿಸ್ಟ್ರಿ ಎಂಬ ದಾಖಲೆಯ 'ಅನ್‌ಇನ್‌ಸ್ಟಾಲ್' ಎಂಬ ಜಾಗದಲ್ಲಿ ತನ್ನ ಹೆಸರು, ತಯಾರಕರು, ಬಂದ ದಿನ, ಗಾತ್ರ, ಹೋಗುವಾಗ ಯಾವ ಆಜ್ಞೆ ಕೊಡಬೇಕು ಎಂಬುದನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ. ವಿಂಡೋಸ್ ಆ ಪುಟವನ್ನು ತೆರೆದು ನಮಗೆ ತೋರಿಸುತ್ತದೆ, ಅಷ್ಟೆ. ತಯಾರಕರ ಕಾಲಂನಲ್ಲಿ ಮೈಕ್ರೋಸಾಫ್ಟ್ ಎಂದು ಯಾರು ಬೇಕಾದರೂ ಬರೆಯಬಹುದು. ಅಲ್ಲಿ ಗುರುತಿನ ಚೀಟಿ ಕೇಳುವವರಿಲ್ಲ. ತಾನು ವ್ಯವಸ್ಥೆಯ ಅಂಗ ಎಂದು ಒಂದು ಗುರುತು ಹಾಕಿಕೊಂಡರೆ ಆ ಪ್ರೋಗ್ರಾಂ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಪೆನ್‌ಡ್ರೈವಿನಿಂದ ನಕಲಾಗಿ ಬಂದು ಒಂದು ಫೋಲ್ಡರಿನಲ್ಲಿ ಕೂತಿರುವಂಥದ್ದು ರಿಜಿಸ್ಟರಿಗೆ ಸಹಿಯನ್ನೇ ಹಾಕಿರುವುದಿಲ್ಲ. ಮನೆಮುರುಕರಲ್ಲಿ ಬಹುಪಾಲು ಈ ಜಾತಿಯವೇ. ಆದ್ದರಿಂದ ಪಟ್ಟಿಯನ್ನು ಒಂದು ಹೇಳಿಕೆ ಎಂದು ಓದಬಹುದೇ ಹೊರತು ಸಾಕ್ಷ್ಯವೆಂದು ಹಿಡಿಯಲಾಗದು.

ಇನ್ನು ಆ ಸಿ ಪ್ಲಸ್ ಪ್ಲಸ್ ಹಿಂಡಿನ ಮಾತು. ಪ್ರೋಗ್ರಾಂ ಬರೆಯುವವರು ಪ್ರತಿಯೊಂದು ಚಿಕ್ಕ ಕೆಲಸವನ್ನೂ ಮೊದಲಿನಿಂದ ಬರೆಯುವುದಿಲ್ಲ. ಲೆಕ್ಕ ಮಾಡುವುದು, ಫೈಲು ತೆರೆಯುವುದು, ಅಕ್ಷರ ಜೋಡಿಸುವುದು ಮುಂತಾದವನ್ನು ಸಿದ್ಧ ಸಂಗ್ರಹದಿಂದ ಎರವಲು ಪಡೆಯುತ್ತಾರೆ. ಛತ್ರದಲ್ಲಿ ಅಡುಗೆಯವರು ಬಂದುಹೋದರೂ ಪಾತ್ರೆಗಳು ಅಲ್ಲೇ ಇರುವ ಹಾಗೆ ಈ ಸಂಗ್ರಹ ಒಂದೇ ಇದ್ದು, ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುತ್ತವೆ. ಆವೃತ್ತಿ ಬದಲಾದರೆ ಅಳತೆಯೂ ಬದಲಾಗುತ್ತದೆ. ಹೊಸದು ಹಳೆಯದರ ಮೇಲೆ ಕೂತು ಎಷ್ಟೋ ಪ್ರೋಗ್ರಾಂಗಳು ಕುಸಿದ ಅನುಭವದ ಮೇಲೆ ಮೈಕ್ರೋಸಾಫ್ಟ್ ಇವನ್ನು ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಇಡತೊಡಗಿತು. 2010ರದ್ದನ್ನು ಕಿತ್ತರೆ ತಕ್ಷಣ ಏನೂ ಆಗುವುದಿಲ್ಲ. ಮೂರು ವಾರದ ನಂತರ ಯಾವುದೋ ಲೆಕ್ಕಪತ್ರದ ತಂತ್ರಾಂಶ ತೆರೆಯದೆ ಹೋದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇತ್ತ, ಎಲ್ಲರಿಗೂ ಚಿರಪರಿಚಿತವಾಗಿದ್ದ ಫ್ಲಾಶ್ ಪ್ಲೇಯರಿಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸಿನ ಕ್ವಿಕ್‌ಟೈಮನ್ನು ಆ್ಯಪಲ್ 2016ರಲ್ಲೇ ಕೈಬಿಟ್ಟಿತು. ತೆಗೆದುಹಾಕಿ ಎಂದು ಅಮೆರಿಕದ ಸರ್ಕಾರಿ ಭದ್ರತಾ ಸಂಸ್ಥೆ ಬಹಿರಂಗವಾಗಿಯೇ ಹೇಳಿತು. ನಮ್ಮಲ್ಲಿ ಮನೆಮಾತಾದ ವಿನ್‌ರಾರ್‌ನಲ್ಲಿ ಸುಮಾರು 19 ವರ್ಷ ಯಾರ ಕಣ್ಣಿಗೂ ಬೀಳದ ಒಂದು ಬಿರುಕಿತ್ತು ಎಂಬುದು 2019ರಲ್ಲಿ ಬಯಲಾಯಿತು. ಅದು ತಾನಾಗಿ ಹೊಸದಾಗುವ ಪ್ರೋಗ್ರಾಂ ಅಲ್ಲವಾದ್ದರಿಂದ ಹಳೆಯ ಪ್ರತಿಗಳು ಬಿರುಕಿನ ಸಮೇತ ಹಾಗೇ ಉಳಿಯುತ್ತವೆ. ಜಾಗ ಅಗ್ಗ, ಡಿಸ್ಕು ದೊಡ್ಡದು, ಇದ್ದರೆ ಇರಲಿ ಬಿಡಿ ಎನ್ನುವವರಿಗೆ ಉತ್ತರ ಇಲ್ಲಿದೆ: ತೆಗೆಯಬೇಕಾದದ್ದು ಜಾಗ ತಿನ್ನುವುದಕ್ಕಲ್ಲ, ಕಾಯುವವರಿಲ್ಲದ ಬಾಗಿಲಾಗಿರುವುದಕ್ಕೆ.

ಕನ್ನಡಿಗರ ಕಂಪ್ಯೂಟರಿನಲ್ಲಿ ಈ ತೀರ್ಮಾನ ಇನ್ನೂ ತೊಡಕಿನದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ, ಇವುಗಳ ನಡವಳಿಕೆಯನ್ನು ಮಾತ್ರ ನೋಡಿದರೆ ಯಾವ ಪತ್ತೇದಾರನಿಗೂ ಅನುಮಾನ ಬರಬೇಕು. ಕಣ್ಣಿಗೆ ಬೀಳದಂತೆ ಮೂಲೆಯಲ್ಲಿ ಕೂತು, ಯಾವ ಪ್ರೋಗ್ರಾಂನಲ್ಲಿ ಟೈಪ್ ಮಾಡುತ್ತಿದ್ದರೂ ಒತ್ತಿದ ಪ್ರತಿ ಕೀಲಿಯನ್ನು ನಡುದಾರಿಯಲ್ಲೇ ಹಿಡಿದು, ಬೇರೊಂದು ಅಕ್ಷರವಾಗಿ ಮಾಡಿ ಮುಂದೆ ಕಳಿಸುವುದೇ ಇವುಗಳ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಇದರ ಮೊದಲರ್ಧವನ್ನೇ. ಒಂದು ಕೀಲಿಯನ್ನು ಕನ್ನಡವಾಗಿಸಿ ಕೊಡುತ್ತದೆ, ಇನ್ನೊಂದು ಕದ್ದು ಹೊರಗೆ ಸಾಗಿಸುತ್ತದೆ. ಹೀಗಿರುವಾಗ ನಡವಳಿಕೆಯಿಂದಲೇ ಕಳ್ಳನನ್ನು ಹಿಡಿಯುತ್ತೇನೆನ್ನುವ ಆಂಟಿವೈರಸ್ಸು ಒಮ್ಮೊಮ್ಮೆ ಎಡವಿದರೆ ತಪ್ಪು ಹೊರಿಸುವುದು ಕಷ್ಟ.

ಈಗ ನುಡಿಯೇ ಏಕೆ ಬೇಕು ಎಂಬ ಆಕ್ಷೇಪವೂ ಉಂಟು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ತುಂಗಾ ಫಾಂಟಿನೊಡನೆ ಯೂನಿಕೋಡ್ ಕನ್ನಡ ಬಂತು. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಲ್ಲಿ ಉಚ್ಚಾರಣೆ ಆಧಾರಿತ (ಫೊನೆಟಿಕ್) ಕನ್ನಡ ಕೀಬೋರ್ಡೂ ಸೇರಿತು. ಹೊರಗಿನ ಪ್ರೋಗ್ರಾಂ ಇಲ್ಲದೆಯೇ ಕನ್ನಡ ಬರೆಯಬಹುದು ಎನ್ನುವುದು ನಿಜ. ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಗೆ ಬೆರಳು ಒಗ್ಗಿಹೋದವರು ಇದನ್ನು ಒಪ್ಪಲಾರರು; ಆದರೆ ಅದು ಅಭ್ಯಾಸದ ಪ್ರಶ್ನೆ, ಅದನ್ನು ಬದಿಗಿಡೋಣ. ದೊಡ್ಡ ಪ್ರಶ್ನೆ ಹಳೆಯ ಕಡತಗಳದ್ದು. ಯೂನಿಕೋಡ್ ಬರುವ ಮೊದಲಿನ ನುಡಿ ಫಾಂಟುಗಳಲ್ಲಿ ಸಿದ್ಧವಾದ ಕಡತದೊಳಗೆ ಕನ್ನಡವೇ ಇಲ್ಲ. ಅಲ್ಲಿರುವುದು ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳು. ಆ ಸಂಖ್ಯೆಗಳಿಗೆ ಕನ್ನಡದ ಆಕಾರ ತೊಡಿಸುವುದು ಫಾಂಟು. ಫಾಂಟನ್ನು ಕಳಚಿದರೆ ಆಕಾರವೂ ಕಳಚುತ್ತದೆ: 'ಕನ್ನಡ' ಎಂಬ ಪದದ ನಡುವೆ 'ನ' ಇರಬೇಕಾದ ಜಾಗದಲ್ಲಿ ಇಂಗ್ಲೆಂಡಿನ ಪೌಂಡ್ ಗುರುತು ಬಂದು ಕೂರುತ್ತದೆ, ಅಕ್ಕಪಕ್ಕ ತಲೆಯ ಮೇಲೆ ಗೀಟು ಹೊತ್ತ ಅಕ್ಷರಗಳು. ಬಳಸದೆ ಬಿದ್ದಿದೆಯೆಂದು ನುಡಿಯನ್ನೂ ಅದರ ಫಾಂಟುಗಳನ್ನೂ ಒಟ್ಟಿಗೆ ಕಿತ್ತೊಗೆದ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಹಿಂದಿನ ಮಹಾಪ್ರಬಂಧ ಕಾಣುವುದು ಹೀಗೆ. ಹಾಗೆಂದು ನುಡಿಯನ್ನು ಎಂದೆಂದಿಗೂ ಕಾಪಾಡಿಕೊಳ್ಳಬೇಕಿಲ್ಲ. ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಬಂದಿವೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಮೇಲೆ ಅದನ್ನು ಬೀಳ್ಕೊಡಬಹುದು. ಈ ಕೊನೆಯ ಕೆಲಸ ಬೇಸರದ್ದೆಂದು ಬಿಟ್ಟವರೇ ಹೆಚ್ಚು.

ಹೆಸರೂ ಸಾಲದು, ನಡವಳಿಕೆಯೂ ಸಾಲದು ಎಂದಾದರೆ ಇನ್ನೇನನ್ನು ನೋಡಬೇಕು? ಪ್ರೋಗ್ರಾಂ ವಾಸಿಸುವ ಜಾಗವನ್ನು. ಟಾಸ್ಕ್ ಮ್ಯಾನೇಜರಿನಲ್ಲಿ ಓಡುತ್ತಿರುವ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಅದರ ಫೈಲು ಎಲ್ಲಿದೆಯೆಂದು ತೋರಿಸುವ ಆಯ್ಕೆ ಇದೆ. 'ಎಸ್‌ವಿಸಿಹೋಸ್ಟ್' ಎಂಬುದು ಹತ್ತಾರು ಬಾರಿ ಕಂಡು ಗಾಬರಿ ಹುಟ್ಟಿಸುತ್ತದೆ. ವಿಂಡೋಸ್ ಫೋಲ್ಡರಿನ ಸಿಸ್ಟಮ್32ರಲ್ಲಿದ್ದರೆ ಅದು ವಿಂಡೋಸಿನ ಸೇವೆಗಳನ್ನು ಹೊತ್ತು ನಡೆಸುವ ಕೂಲಿಯಾಳು. ಅದೇ ಹೆಸರು ಡೌನ್‌ಲೋಡ್ಸ್ ಅಥವಾ ಟೆಂಪ್ ಫೋಲ್ಡರಿನಲ್ಲಿ ಕಂಡರೆ ವೇಷಧಾರಿ. ಎರಡನೆಯದು ಡಿಜಿಟಲ್ ಸಹಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಕಾಣುವ ಈ ಸಹಿಯನ್ನು ಪಟ್ಟಿಯ ತಯಾರಕರ ಕಾಲಂನಂತೆ ಬಾಯಿಗೆ ಬಂದ ಹಾಗೆ ಬರೆದುಕೊಳ್ಳಲಾಗದು. ಫೈಲಿನ ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಆದರೂ ಇದೇ ಕೊನೆಯ ಮಾತಲ್ಲ. 2017ರ ಆಗಸ್ಟ್‌ನಿಂದ ಸುಮಾರು ಒಂದು ತಿಂಗಳು, ಕಸ ಗುಡಿಸುವುದಕ್ಕೆಂದೇ ಹೆಸರಾದ ಸಿಕ್ಲೀನರ್‌ನ ಒಂದು ಆವೃತ್ತಿ ಒಡಲಲ್ಲಿ ಕೇಡು ಹೊತ್ತುಕೊಂಡೇ ಹಂಚಿಕೆಯಾಯಿತು, ಅದೂ ಕಂಪನಿಯ ಸಾಚಾ ಸಹಿಯೊಡನೆ; ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಅದು ಹೊಕ್ಕಿತು. ಪೊರಕೆಯೇ ಕೊಳೆ ತಂದ ಕಥೆ. ಎನಿಡೆಸ್ಕ್‌ನದು ಇನ್ನೊಂದು ಬಗೆ. ದೂರದಿಂದ ಇನ್ನೊಬ್ಬರ ಪರದೆಯನ್ನು ನಡೆಸುವ ಆ ತಂತ್ರಾಂಶ ಪ್ರಾಮಾಣಿಕವಾದದ್ದೇ, ಸಹಿಯೂ ಸರಿಯೇ. ವಂಚಕರು ಅದನ್ನು ಜನರ ಮೊಬೈಲಿಗೆ ಹಾಕಿಸಿ ಹಣ ದೋಚುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಬೇಕಾಯಿತು. ಯಾರು ಮಾಡಿದರು ಎಂಬುದನ್ನು ಸಹಿ ಹೇಳೀತು, ಯಾರ ಕೈಯಲ್ಲಿದೆ ಎಂಬುದನ್ನು ಹೇಳದು. ಅದಕ್ಕೇ ಜಾಗ, ಸಹಿ, ಬಂದ ದಿನ, ಆ ದಿನ ಬೇರೇನನ್ನು ಹಾಕಲಾಗಿತ್ತು ಎಂಬುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಬೇಕು. ಪುಕ್ಕಟೆ ಪಿಡಿಎಫ್ ಪರಿವರ್ತಕ ಹಾಕಿದ ದಿನವೇ ಇನ್ನೂ ಮೂರು ಹೆಸರು ಪಟ್ಟಿ ಸೇರಿದ್ದರೆ ಬೇರೆ ತನಿಖೆ ಬೇಕಿಲ್ಲ.

ತೆಗೆಯುವ ಹಂತದಲ್ಲೂ ಲಾಡ್ಜಿನ ರಿಜಿಸ್ಟರೇ ಕಾಡುತ್ತದೆ. ಅನ್‌ಇನ್‌ಸ್ಟಾಲ್ ಒತ್ತಿದಾಗ ಸಾಮಾನ್ಯವಾಗಿ ಓಡುವುದು ಆ ಪ್ರೋಗ್ರಾಮೇ ಬರೆದಿಟ್ಟ ಆಜ್ಞೆ. ಹೋಗುವವನೇ ಕೋಣೆ ಗುಡಿಸಿ ಹೋಗಬೇಕು. 2014ರ ಕೊನೆಯಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತುರುಕುವ ಪ್ರೋಗ್ರಾಂ ಕಾರ್ಖಾನೆಯಿಂದಲೇ ಬಂದಿತ್ತು. ಸುರಕ್ಷಿತ ಜಾಲತಾಣಗಳ ಪುಟಕ್ಕೂ ಕೈ ಹಾಕಲೆಂದು ಅದು ವಿಂಡೋಸಿನ ನಂಬಿಕೆಯ ಪಟ್ಟಿಯಲ್ಲಿ ತನ್ನದೇ ಒಂದು ಮೂಲ ಪ್ರಮಾಣಪತ್ರ ಸೇರಿಸಿಕೊಂಡಿತ್ತು. ಮರುವರ್ಷ ವಿಷಯ ಹೊರಬಿದ್ದು ಜನ ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಪ್ರೋಗ್ರಾಂ ಹೋಯಿತು, ಪ್ರಮಾಣಪತ್ರ ಉಳಿಯಿತು. ಬಂಡೀಪುರದ ಲಂಟಾನವನ್ನು ಬುಡ ಬಿಟ್ಟು ಸವರಿದ ಹಾಗಾಯಿತು. 2005ರಲ್ಲಿ ಸೋನಿ ಬಿಎಂಜಿಯ ಸಂಗೀತದ ಸಿಡಿಗಳು ಕಂಪ್ಯೂಟರಿನೊಳಗೆ ಗುಟ್ಟಾಗಿ ಬಿಟ್ಟ ಪ್ರೋಗ್ರಾಂ ಇನ್ನೂ ಘಾಟಿ. ಅದನ್ನು ತೆಗೆಯಲು ಕೊಟ್ಟ ಉಪಕರಣವೇ ಹೊಸ ಕಿಂಡಿ ಕೊರೆಯಿತು. ಅನುಮಾನವಿದ್ದದ್ದನ್ನು ತಕ್ಷಣ ಕೀಳುವುದಕ್ಕಿಂತ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಮೊದಲು ಅದರ ಆರಂಭ ತಡೆದು ಹದಿನೈದು ದಿನ ಕಾಯುವುದು ಮೇಲು. ಯಾರೂ ಗೋಳಾಡದಿದ್ದರೆ ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡು ತೆಗೆಯಬಹುದು. ಬುಡದ ಗಂಟುಗಳನ್ನು ಹುಡುಕಲು ಮೈಕ್ರೋಸಾಫ್ಟೇ ಪುಕ್ಕಟೆ ಕೊಡುವ ಆಟೋರನ್ಸ್ ಇದೆ. ವಿಂಡೋಸ್ ಶುರುವಾಗುವಾಗ ಏನೇನು ಏಳುತ್ತದೆ ಎಂಬುದನ್ನು ಅದು ಮೂಲೆಮೂಲೆಯಿಂದ ಹೆಕ್ಕಿ ತೋರಿಸುತ್ತದೆ. ರಿಜಿಸ್ಟ್ರಿ ಕ್ಲೀನರ್‌ಗಳ ಗೊಡವೆಗೆ ಹೋಗಬೇಡಿ. ಅವು ಹೆಕ್ಕುವ ಸಾವಿರ 'ದೋಷ'ಗಳಲ್ಲಿ ಕಂಪ್ಯೂಟರನ್ನು ನಿಧಾನ ಮಾಡುವಂಥದ್ದು ಒಂದೂ ಸಿಗುವುದು ಅಪರೂಪ.

ಇಷ್ಟೆಲ್ಲ ಏಕೆ, ಆಂಟಿವೈರಸ್ ಇಲ್ಲವೇ ಎನ್ನಬಹುದು. ಅದು ಹುಡುಕುವುದು ಮುಖ್ಯವಾಗಿ ಕೇಡಿಗಳನ್ನು. ನೀವೇ 'ನೆಕ್ಸ್ಟ್, ನೆಕ್ಸ್ಟ್' ಒತ್ತಿ ಒಪ್ಪಿಗೆ ಕೊಟ್ಟು ಒಳಗೆ ಬಿಟ್ಟುಕೊಂಡವರ ಮೇಲೆ ಕೈಮಾಡಲು ಹಿಂಜರಿಯುತ್ತದೆ. ವಿಂಡೋಸ್ ಡಿಫೆಂಡರಿನಲ್ಲಿ ಇಂಥ ಅನಪೇಕ್ಷಿತರನ್ನು ತಡೆಯುವ ಒಂದು ಸ್ವಿಚ್ಚು 2020ರಲ್ಲಿ ಬಂತು. ನಿಮ್ಮಲ್ಲಿ ಅದು ಚಾಲೂ ಇದೆಯೇ ನೋಡಿಕೊಳ್ಳಿ. ರಿಪೇರಿ ಅಂಗಡಿಯವರ ಆಕ್ಷೇಪ ಇನ್ನೂ ಸರಳ: ಒಂದೊಂದನ್ನೇ ವಿಚಾರಣೆ ಮಾಡುತ್ತ ಕೂರುವ ಬದಲು ಫಾರ್ಮ್ಯಾಟ್ ಹೊಡೆದರೆ ಮುಗಿಯಿತಲ್ಲ? ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ನಿಂತ ಮೇಲೆ ಈ ಸಲಹೆಗೆ ಬೆಲೆ ಏರಿದೆ. ವೈರಸ್ಸು ಆಳಕ್ಕೆ ಇಳಿದಿದ್ದರೆ ಅದೇ ಸರಿಯಾದ ದಾರಿ ಕೂಡ. ಆದರೆ ಬ್ರ್ಯಾಂಡೆಡ್ ಲ್ಯಾಪ್‌ಟಾಪನ್ನು ಅದರ ರಿಕವರಿ ಪಾರ್ಟಿಷನ್ನಿನಿಂದ ಹೊಸದಾಗಿಸಿದರೆ ಮರಳುವುದು ಕಾರ್ಖಾನೆಯ ದಿನದ ಸ್ಥಿತಿ. ಆಗ ಯಾರೂ ಕೇಳದ ಮೂವತ್ತು ದಿನದ ಟ್ರಯಲ್ ಆಂಟಿವೈರಸ್ಸು, ಆಟಗಳು, ತಯಾರಕರ 'ಸಹಾಯಕ'ರು ತಂತಮ್ಮ ಜಾಗಕ್ಕೆ ಮೊದಲಿನಂತೆಯೇ ಬಂದು ಕೂರುತ್ತಾರೆ. ನುಡಿಯ ಫಾಂಟುಗಳು ಮಾತ್ರ ಬರುವುದಿಲ್ಲ.