ಅರಿಶಿನದ ಮೋಡದಲ್ಲಿ ಎರಡು ಮೀಟರ್

ಅಮಾವಾಸ್ಯೆ ಸೋಮವಾರ ಬಿದ್ದರೆ ಜೇಜುರಿಯ ಬೆಟ್ಟ ಹಳದಿಯಾಗುತ್ತದೆ. ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ, ಪುರಂದರ ತಾಲ್ಲೂಕಿನ ಈ ಊರಿನಲ್ಲಿ ಖಂಡೋಬನ ಪಲ್ಲಕ್ಕಿ ಅಂದು ಗುಡಿಯಿಂದಿಳಿದು ಕರ್ಹಾ ನದಿಗೆ ಸ್ನಾನಕ್ಕೆ ಹೊರಡುತ್ತದೆ. ದಾರಿಯುದ್ದಕ್ಕೂ ಜನ ಹಿಡಿ ಹಿಡಿಯಾಗಿ ಭಂಡಾರ, ಅಂದರೆ ಅರಿಶಿನದ ಪುಡಿ, ತೂರುತ್ತಾರೆ, ಜೊತೆಗೆ ಒಣಕೊಬ್ಬರಿ ಚೂರುಗಳನ್ನೂ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೋ ದೇವರಗುಡ್ಡಕ್ಕೋ ನಡೆದುಕೊಳ್ಳುವ ನಮ್ಮ ಮನೆತನಗಳಿಗೆ ಇವನು ಬೇರೆ ದೇವರೇನಲ್ಲ, ಮೈಲಾರಲಿಂಗನೇ. ದೇವರ ಸೇವೆಗೆ ಅಲ್ಲಿ ಗೊರವರು, ಇಲ್ಲಿ ವಾಘ್ಯಾ-ಮುರಳಿಯರು. ಭಂಡಾರ ಎರಡೂ ಕಡೆ ಒಂದೇ.

ಈ ದಿನಕ್ಕೆಂದೇ ಕ್ಯಾಮೆರಾ ಹೊತ್ತು ಬರುವವರ ಸಂಖ್ಯೆಯೂ ಸಣ್ಣದಲ್ಲ. ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎದುರಿನ ಮನುಷ್ಯ ಹೆಚ್ಚೆಂದರೆ ಎರಡು ಮೂರು ಮೀಟರ್ ದೂರದಲ್ಲಿರುತ್ತಾನೆ, ನಡುವೆ ಪುಡಿಯ ಪರದೆ. ದೂರದ್ದನ್ನು ಹತ್ತಿರ ಎಳೆಯುವ ಟೆಲಿ ಲೆನ್ಸಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹತ್ತಿರದ್ದನ್ನೆಲ್ಲ ಒಂದೇ ಚೌಕಟ್ಟಿಗೆ ಸೇರಿಸುವ ವೈಡ್ ಆಂಗಲ್ ಲೆನ್ಸ್ ಬೇಕು. ಅದರಲ್ಲೂ ಕೈಯಿಂದ ಫೋಕಸ್ ಮಾಡುವ, ಮೈಮೇಲೆ ದೂರದ ಅಂಕಿಗಳನ್ನು ಕೆತ್ತಿರುವ ಹಳೆಯ ಬಗೆಯ ಲೆನ್ಸ್ ಇಲ್ಲಿಗೆ ಹೇಳಿ ಮಾಡಿಸಿದ್ದು ಎಂಬುದು ನನ್ನ ಅಭಿಪ್ರಾಯ. ಹಳೆಯದರ ಮೇಲಿನ ಮೋಹದಿಂದ ಹೇಳುತ್ತಿಲ್ಲ. ಕಾರಣ ಬೆಳಕಿನ ಗಣಿತದಲ್ಲಿದೆ.

ಆಟೋಫೋಕಸ್ ಏನು ಮಾಡುತ್ತದೆ ನೋಡೋಣ. ಈಗಿನ ಹೆಚ್ಚಿನ ಕ್ಯಾಮೆರಾಗಳು ಲೆನ್ಸಿನ ಒಂದು ಪಕ್ಕದಿಂದ ಬಂದ ಬಿಂಬವನ್ನೂ ಇನ್ನೊಂದು ಪಕ್ಕದಿಂದ ಬಂದ ಬಿಂಬವನ್ನೂ ಹೋಲಿಸುತ್ತವೆ. ಎರಡೂ ಒಂದರ ಮೇಲೊಂದು ಕೂತರೆ ಫೋಕಸ್ ಸರಿಯಾಗಿದೆ ಎಂದರ್ಥ. ಸರಿದಿದ್ದರೆ, ಎಷ್ಟು ಸರಿದಿದೆ ಎಂಬುದರಿಂದ ಲೆನ್ಸನ್ನು ಯಾವ ಕಡೆಗೆ ಎಷ್ಟು ಓಡಿಸಬೇಕೆಂದು ತಿಳಿಯುತ್ತದೆ. ಹೋಲಿಸಲು ಒಂದು ಗೆರೆ, ಒಂದು ಅಂಚು, ಕಪ್ಪು-ಬಿಳುಪಿನ ಒಂದು ವ್ಯತ್ಯಾಸ ಬೇಕೇ ಬೇಕು. ಭಂಡಾರ ಕಸಿದುಕೊಳ್ಳುವುದು ಅದನ್ನೇ. ಗಾಳಿಯಲ್ಲಿ ತೇಲುವ ಪ್ರತಿ ಕಣವೂ ಬಿಸಿಲನ್ನು ಚದುರಿಸಿ, ಮುಖಗಳ ಮೇಲೆ ಹಳದಿ ಬೆಳಕಿನ ಒಂದು ಪೊರೆ ಹಾಸುತ್ತದೆ. ಮುಖದ ನೆರಳು ತಿಳಿಯಾಗುತ್ತದೆ, ಅಂಚು ಅಳಿಯುತ್ತದೆ. ಅಷ್ಟರಲ್ಲಿ ಲೆನ್ಸಿನ ಮುಂದೆ ಒಂದು ಅಡಿ ದೂರದಲ್ಲಿ ಒಂದು ಹಿಡಿ ಪುಡಿ ಹಾರಿದರೆ ಕ್ಯಾಮೆರಾ ಅದನ್ನೇ ವಸ್ತುವೆಂದು ಹಿಡಿಯುತ್ತದೆ, ಇಲ್ಲವೇ ಮುಂದೆ ಹಿಂದೆ ತಡಕಾಡುತ್ತದೆ. ಹೊಸ ಕ್ಯಾಮೆರಾಗಳು ಕಣ್ಣು ಮೂಗು ಗುರುತಿಸುವುದರಲ್ಲಿ ಬಹಳ ಜಾಣವಾಗಿವೆ, ನಿಜ. ಆದರೆ ಇಲ್ಲಿ ಕಣ್ಣು ಮುಚ್ಚಿರುತ್ತದೆ, ಮುಖ ಕೆನ್ನೆಯಿಂದ ಕೂದಲವರೆಗೆ ಒಂದೇ ಬಣ್ಣದ್ದಾಗಿರುತ್ತದೆ. ಪಲ್ಲಕ್ಕಿ ಎದುರು ಬಂದ ಆ ಅರೆ ಸೆಕೆಂಡಿನಲ್ಲಿ ಲೆನ್ಸ್ ತಡಕಾಡಿದರೆ ಚಿತ್ರ ಹೋದಂತೆಯೇ.

ಕೈಯಿಂದ ಫೋಕಸ್ ಮಾಡುವುದೆಂದರೆ ಆ ಗದ್ದಲದಲ್ಲಿ ಕಣ್ಣು ಕಿರಿದು ಮಾಡಿ ಉಂಗುರ ತಿರುಗಿಸುವುದೆಂದು ತಿಳಿಯಬೇಡಿ. ಅದು ಇನ್ನೂ ನಿಧಾನ. ಮಾಡಬೇಕಾದದ್ದು ಬೇರೆ: ದೂರವನ್ನು ಮೊದಲೇ ನಿಗದಿ ಮಾಡಿ ಉಂಗುರವನ್ನು ಮತ್ತೆ ಮುಟ್ಟದಿರುವುದು.

ಯಾವ ಲೆನ್ಸೂ ಒಂದೇ ಒಂದು ದೂರವನ್ನಷ್ಟೇ ಖಚಿತವಾಗಿ ಮೂಡಿಸಬಲ್ಲದು. ಅದಕ್ಕಿಂತ ಹತ್ತಿರದ, ದೂರದ ಬಿಂದುಗಳು ಸೆನ್ಸರಿನ ಮೇಲೆ ಪುಟ್ಟ ಬಿಲ್ಲೆಗಳಾಗಿ ಬೀಳುತ್ತವೆ. ಬಿಲ್ಲೆ ಸಾಕಷ್ಟು ಚಿಕ್ಕದಾಗಿದ್ದರೆ ನಮ್ಮ ಕಣ್ಣಿಗೆ ಅದೂ ಬಿಂದುವೇ. 35 ಮಿ.ಮೀ. ಫಿಲ್ಮಿನ ಅಳತೆಯ ಫುಲ್ ಫ್ರೇಮ್ ಸೆನ್ಸರಿಗೆ ಈ ಬಿಲ್ಲೆಯ ಮಿತಿ 0.03 ಮಿ.ಮೀ. ಎಂದು ರೂಢಿಯಲ್ಲಿದೆ. ಲೆನ್ಸಿನ ಮೇಲೆ ಮಿ.ಮೀ.ಗಳಲ್ಲಿ ಬರೆದಿರುವ ಸಂಗಮದೂರವನ್ನು ಅದರಿಂದಲೇ ಗುಣಿಸಿ, ಬೆಳಕಿನ ರಂಧ್ರವನ್ನು ಸೂಚಿಸುವ ಅಪರ್ಚರ್ ಸಂಖ್ಯೆ (ಎಫ್) ಮತ್ತು ಈ 0.03ರ ಗುಣಲಬ್ಧದಿಂದ ಭಾಗಿಸಿದರೆ ಸಿಗುವುದು ಹೈಪರ್‌ಫೋಕಲ್ ದೂರ. ಫೋಕಸನ್ನು ಅಲ್ಲಿಟ್ಟರೆ ಅದರ ಅರ್ಧ ದೂರದಿಂದ ಹಿಡಿದು ಅನಂತದವರೆಗೆ ಎಲ್ಲವೂ ಸ್ಪಷ್ಟ. 50 ಮಿ.ಮೀ. ಲೆನ್ಸಿಗೆ ಎಫ್ 8ರಲ್ಲಿ ಇದು ಹತ್ತೂವರೆ ಮೀಟರ್. ಐದು ಮೀಟರಿಗಿಂತ ಹತ್ತಿರದವರೆಲ್ಲ ಮಸುಕು. 24 ಮಿ.ಮೀ. ಲೆನ್ಸಿಗೆ ಅದೇ ಎಫ್ 8ರಲ್ಲಿ 2.4 ಮೀಟರ್, ಅಂದರೆ 1.2 ಮೀಟರಿನಿಂದ ಆಚೆಗೆ ಎಲ್ಲವೂ ಸ್ಪಷ್ಟ. ಸಂಗಮದೂರ ಅರ್ಧದಷ್ಟಾದರೆ ಈ ದೂರ ಕಾಲು ಭಾಗಕ್ಕಿಳಿಯುತ್ತದೆ. ವೈಡ್ ಲೆನ್ಸಿನ ಬಲವೆಲ್ಲ ಇಲ್ಲಿದೆ.

ಆದರೆ ಜೇಜುರಿಯಲ್ಲಿ ಅನಂತ ಯಾರಿಗೆ ಬೇಕು? ಭಂಡಾರ ಎದ್ದಾಗ ಹತ್ತು ಮೀಟರಿನಾಚೆ ಕಾಣುವುದೇ ಕಷ್ಟ. ಹಾಗಾಗಿ ಪುಸ್ತಕದ ಹೈಪರ್‌ಫೋಕಲ್ ದೂರವನ್ನು ಬಿಟ್ಟು ಉಂಗುರವನ್ನು ಎರಡು ಮೀಟರಿಗಿಡುವುದು ಲೇಸು. 24 ಮಿ.ಮೀ., ಎಫ್ 8, ಎರಡು ಮೀಟರ್: 1.1 ಮೀಟರಿನಿಂದ ಸುಮಾರು 11 ಮೀಟರಿನವರೆಗೆ ಎಲ್ಲ ಸ್ಪಷ್ಟ, ಹೆಚ್ಚು ಖಚಿತ ಇರುವುದು ಜನ ಇರುವಲ್ಲಿ. ಒಂದು ಎಚ್ಚರಿಕೆ. 0.03ರ ಲೆಕ್ಕ ಕೈಯಲ್ಲಿ ಹಿಡಿದು ನೋಡುವ ಸಾಧಾರಣ ಅಳತೆಯ ಮುದ್ರಣಕ್ಕೆ ಹೊಂದುವಂಥದ್ದು. ಗೋಡೆಗೆ ತೂಗುಹಾಕುವಷ್ಟು ದೊಡ್ಡದು ಮಾಡುವವರು ಮಿತಿಯನ್ನು ಅರ್ಧಕ್ಕಿಳಿಸಬೇಕು. ಆಗ ಅದೇ ಲೆನ್ಸಿನಲ್ಲಿ ಸ್ಪಷ್ಟವಾಗಿರುವ ವಲಯ 1.4ರಿಂದ 3.4 ಮೀಟರಿಗೆ ಕುಗ್ಗುತ್ತದೆ. ಹಳಬರ ಸುಲಭ ಉಪಾಯವೆಂದರೆ ಎಫ್ 8ರಲ್ಲಿ ಚಿತ್ರ ತೆಗೆಯುವಾಗ ಲೆನ್ಸಿನ ಮೇಲೆ ಎಫ್ 4ರ ಗುರುತುಗಳನ್ನು ಓದಿಕೊಳ್ಳುವುದು. ಹಾಗಿದ್ದರೆ ಎಫ್ 22ಕ್ಕೆ ಮುಚ್ಚಿಬಿಡೋಣವೇ? ಬೇಡ. ರಂಧ್ರ ಕಿರಿದಾದಂತೆ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ. ಎಫ್ 22ರಲ್ಲಿ ಈ ವಿವರ್ತನೆಯ ಬಿಲ್ಲೆಯೇ ಸುಮಾರು 0.03 ಮಿ.ಮೀ. ಆಗಿ, ಎಲ್ಲವೂ ಒಂದೇ ಸಮನೆ ಮಸುಕಾಗುತ್ತದೆ. ಎಫ್ 8, ಹೆಚ್ಚೆಂದರೆ ಎಫ್ 11.

ಎಷ್ಟು ಅಗಲದ ಲೆನ್ಸ್? ಅಂಗಡಿಯವರು 14 ಮಿ.ಮೀ. ತೋರಿಸಿದರೆ ಕಣ್ಣರಳುವುದು ಸಹಜ. ಆದರೆ ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ವೈಡ್ ಲೆನ್ಸ್ ಅದಕ್ಕೆ ಬೆಲೆ ತೆರುತ್ತದೆ: ಚೌಕಟ್ಟಿನ ಅಂಚಿನಲ್ಲಿರುವ ದುಂಡು ವಸ್ತುಗಳು ಹೊರಮುಖವಾಗಿ ಹಿಗ್ಗುತ್ತವೆ. ಅಡ್ಡ ಚೌಕಟ್ಟಿನ ಎಡ ಬಲ ಅಂಚಿನಲ್ಲಿರುವ ಮುಖ 35 ಮಿ.ಮೀ. ಲೆನ್ಸಿನಲ್ಲಿ ಶೇ. 12ರಷ್ಟು, 24ರಲ್ಲಿ ಶೇ. 25ರಷ್ಟು, 20ರಲ್ಲಿ ಶೇ. 35ರಷ್ಟು ಅಗಲವಾಗುತ್ತದೆ, 14ರಲ್ಲಿ ಶೇ. 60ನ್ನೂ ಮೀರುತ್ತದೆ. ಇದು ಅಗ್ಗದ ಲೆನ್ಸಿನ ದೋಷವಲ್ಲ, ಚಪ್ಪಟೆ ಸೆನ್ಸರಿನ ಮೇಲಿನ ಜ್ಯಾಮಿತಿ. ಎಷ್ಟು ದುಡ್ಡು ಕೊಟ್ಟರೂ ಹೋಗದು. ಸುತ್ತ ಜನರೇ ತುಂಬಿರುವ ಜಾತ್ರೆಯಲ್ಲಿ ಅಂಚಿನಲ್ಲಿ ಮುಖ ಇದ್ದೇ ಇರುತ್ತದೆ. ನನ್ನ ಆಯ್ಕೆ 24 ಅಥವಾ 28. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಾದರೆ 16 ಅಥವಾ 18. ಮೇಲಾಗಿ 14ರ ಹಲವು ಲೆನ್ಸುಗಳ ಮುಂಗಾಜು ಉಬ್ಬಿರುತ್ತದೆ. ಅದಕ್ಕೆ ಮಾಮೂಲಿ ತಿರುಪಿನ ಫಿಲ್ಟರ್ ಹಾಕಲಾಗದು. ಕೊಬ್ಬರಿ ಚೂರು ಹಾರಿಬರುವ ಕಡೆ ಇದು ಸಣ್ಣ ಮಾತಲ್ಲ.

ಎಫ್ 1.4ರಂಥ ದೊಡ್ಡ ಬಾಯಿಯ ಲೆನ್ಸಿಗೆ ಹಣ ಸುರಿಯುವುದೂ ಇಲ್ಲಿ ವ್ಯರ್ಥ. ಎಫ್ 8ರಲ್ಲೇ ತೆಗೆಯುವವರಿಗೆ 2.8 ಧಾರಾಳ ಸಾಕು. ಬಯಲ ಬಿಸಿಲಿನಲ್ಲಿ ಐಎಸ್‌ಓ 400, ಎಫ್ 8 ಇದ್ದರೆ ಷಟರ್ ವೇಗ ಸೆಕೆಂಡಿನ 1,600ನೇ ಒಂದು ಭಾಗದಷ್ಟು ಸಿಗುತ್ತದೆ. ಕಟ್ಟಡದ ನೆರಳಿಗೆ ಸರಿದರೆ ಐಎಸ್‌ಓ 1600ಕ್ಕೆ ಏರಿಸಿದರಾಯಿತು.

ಹಳೆಯ ಲೆನ್ಸುಗಳು ಇಂದಿನ ಕ್ಯಾಮೆರಾಗೆ ಕೂರುವುದರ ಹಿಂದೆ ಸ್ವಾರಸ್ಯವಾದ ಕಥೆಯಿದೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಏಳುವ ಬೀಳುವ ಕನ್ನಡಿಗೆ ಜಾಗ ಬೇಕಿತ್ತು. ನಿಕಾನ್ ಎಫ್ ಮೌಂಟಿನಲ್ಲಿ ಆ ಅಂತರ 46.5 ಮಿ.ಮೀ. 24 ಮಿ.ಮೀ. ಲೆನ್ಸನ್ನು ಫಿಲ್ಮಿನಿಂದ ಅಷ್ಟು ದೂರ ಕೂರಿಸುವುದು ಹೇಗೆ? ಫ್ರಾನ್ಸಿನ ಪಿಯೆರ್ ಆಂಜೆನಿಯೂ 1950ರಲ್ಲಿ ಮುಂದೆ ನಿಮ್ನ ಮಸೂರವಿಟ್ಟು, ಬಿಂಬವನ್ನು ಹಿಂದಕ್ಕೆ ತಳ್ಳುವ 35 ಮಿ.ಮೀ. ಲೆನ್ಸನ್ನು ಸ್ಟಿಲ್ ಕ್ಯಾಮೆರಾಗೆ ತಂದರು. ರೆಟ್ರೋಫೋಕಸ್ ಎಂಬ ಹೆಸರು ಅಲ್ಲಿಂದ ನೆಲೆನಿಂತಿತು. ಆ ವಿನ್ಯಾಸ ಹತ್ತಿರದ ವಸ್ತುಗಳಲ್ಲಿ ಅಂಚು ಮಸುಕಾಗಿಸುತ್ತಿತ್ತು. 1967ರ ನಿಕಾನ್ 24 ಮಿ.ಮೀ. ಎಫ್ 2.8 ಲೆನ್ಸ್, ಫೋಕಸ್ ಮಾಡುವಾಗ ಒಳಗಿನ ಗಾಜುಗಳ ನಡುವಿನ ಅಂತರವನ್ನೂ ಬದಲಿಸಿ ಇದಕ್ಕೆ ಪರಿಹಾರ ಕೊಟ್ಟಿತು. ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲ. ಸೋನಿ ಇ ಮೌಂಟಿನ ಅಂತರ 18, ನಿಕಾನ್ ಜ಼ಡ್‌ನದು 16 ಮಿ.ಮೀ. ಉಳಿದ ಜಾಗಕ್ಕೆ ಅಡಾಪ್ಟರ್ ಎಂಬ ಟೊಳ್ಳು ಬಳೆ ಸೇರಿಸಿದರೆ ಅರ್ಧ ಶತಮಾನದ ಹಿಂದಿನ ಲೆನ್ಸೂ ಕೂರುತ್ತದೆ.

ಕೊಳ್ಳುವವರು ಹೆಚ್ಚು ಗಮನಿಸಬೇಕಾದ್ದು ಈ ಬಳೆಯನ್ನೇ. 24 ಮಿ.ಮೀ. ಲೆನ್ಸ್ ಅನಂತದಿಂದ ಎರಡು ಮೀಟರಿಗೆ ಬರಲು ಒಟ್ಟು ಸರಿಯುವುದು 0.29 ಮಿ.ಮೀ. ಮಾತ್ರ! ಅಗ್ಗದ ಅಡಾಪ್ಟರುಗಳನ್ನು, ಅನಂತದ ಫೋಕಸ್ ತಪ್ಪದಿರಲೆಂದು, ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ತೆಳ್ಳಗೆ ಮಾಡುವುದುಂಟು. ಬಳೆ 0.1 ಮಿ.ಮೀ. ತೆಳುವಾಗಿದ್ದರೂ ಉಂಗುರದ ಮೇಲೆ ಎರಡು ಮೀಟರ್ ಎಂದಿರುವಾಗ ನಿಜವಾದ ಫೋಕಸ್ ಮೂರು ಮೀಟರಿನಲ್ಲಿರುತ್ತದೆ. ನಾವು ನೆಚ್ಚಿರುವ ಅಂಕಿಯೇ ಸುಳ್ಳು ಹೇಳಿದಂತೆ. ಪರೀಕ್ಷೆ ಕಷ್ಟವಿಲ್ಲ. ಸೆನ್ಸರಿನಿಂದ ಸರಿಯಾಗಿ ಎರಡು ಮೀಟರ್ ಅಳೆದು ಗೋಡೆಗೆ ದಿನಪತ್ರಿಕೆ ಅಂಟಿಸಿ, ಅಪರ್ಚರನ್ನು ಪೂರ್ತಿ ತೆರೆದು, ಪರದೆಯಲ್ಲಿ ಹಿಗ್ಗಿಸಿ ನೋಡುತ್ತ ಫೋಕಸ್ ಮಾಡಿ. ಆಗ ಉಂಗುರ ಎಲ್ಲಿ ನಿಂತಿತೋ ಅದೇ ನಿಮ್ಮ ಕ್ಯಾಮೆರಾದ ಎರಡು ಮೀಟರ್. ಅಲ್ಲೊಂದು ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಉಂಗುರ ಜಾರದಂತೆ ಒಂದು ತುಂಡು ಟೇಪೂ ಇರಲಿ, ಗದ್ದಲದಲ್ಲಿ ಕೈ ತಗುಲಿಯೇ ತಗುಲುತ್ತದೆ.

ಹೊಸ ಆಟೋಫೋಕಸ್ ಲೆನ್ಸನ್ನೇ ಮ್ಯಾನ್ಯುಯಲ್‌ಗೆ ಹಾಕಿಕೊಂಡರೆ ಸಾಲದೇ ಎಂದು ಕೇಳಬಹುದು. ಕೆಲವು ಸಾಕು. ಹಲವಕ್ಕೆ ಅಂಕಿಗಳೇ ಇರುವುದಿಲ್ಲ, ಉಂಗುರ ಬರೀ ಮೋಟಾರಿಗೆ ಸೂಚನೆ ಕೊಡುತ್ತದೆ, ಕೊನೆಮುಟ್ಟಿ ನಿಲ್ಲುವುದೇ ಇಲ್ಲ. ಕ್ಯಾಮೆರಾ ಆರಿಸಿ ಹಾಕಿದರೆ ಇಟ್ಟ ದೂರ ಮರೆಯುವವೂ ಇವೆ. ಕೊಳ್ಳುವ ಮುನ್ನ ಉಂಗುರ ತಿರುಗಿಸಿ ನೋಡಿ: ಎರಡೂ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು, ನಡುವೆ ಸಡಿಲ ಇರಬಾರದು, ಒಂದು ಮತ್ತು ಮೂರು ಮೀಟರಿನ ಗುರುತುಗಳ ನಡುವೆ ಬೆರಳಾಡಲು ಜಾಗವಿರಬೇಕು. ಹಳೆಯದಾದರೆ ಗಾಜನ್ನು ಬೆಳಕಿಗೆ ಹಿಡಿದು ಬೂಷ್ಟಿನ ಎಳೆ ಇದೆಯೇ ನೋಡಿ.

ಬಣ್ಣದ ವಿಷಯ. ಅರಿಶಿನದ ಕುರ್ಕ್ಯುಮಿನ್ ನೀಲಿ ಬೆಳಕನ್ನು ನುಂಗಿ ಕೆಂಪು, ಹಸಿರನ್ನು ಹಿಂದಿರುಗಿಸುತ್ತದೆ. ಚೌಕಟ್ಟೆಲ್ಲ ಹಳದಿಯಾದಾಗ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಇದೇನೋ ದೀಪದ ಬೆಳಕಿನ ದೋಷವೆಂದು ತಿಳಿದು ನೀಲಿ ಬೆರೆಸಿ ಭಂಡಾರವನ್ನು ಸಪ್ಪೆ ಮಾಡುತ್ತದೆ. ಡೇಲೈಟ್‌ಗೆ ಕಟ್ಟಿಹಾಕಿ. ಕೆಂಪು ಮೊದಲು ಉಕ್ಕಿ ವಿವರ ಕಳೆಯುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಅರ್ಧ ಸ್ಟಾಪಿನಷ್ಟು ತಗ್ಗಿಸುವುದೊಳ್ಳೆಯದು. ಪುಡಿಯ ಕಣಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಅಂಥ ಕಣಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಸೂರ್ಯ ಭಂಡಾರದ ಹಿಂದಿದ್ದರೆ ಮೋಡ ಉರಿಯುವಂತೆ ಕಾಣುವುದು ಇದರಿಂದಲೇ. ಫ್ಲ್ಯಾಶ್ ಹಾಕಿದರೆ ಹತ್ತಿರದ ಕಣಗಳಷ್ಟೇ ಬೆಳಗಿ ಚಿತ್ರ ಕೆಡುತ್ತದೆ.

ಮೆಟ್ಟಿಲುಗಳ ಇಕ್ಕೆಲದ ಕಲ್ಲಿನ ದೀಪಮಾಲೆಗಳನ್ನು ತೆಗೆಯುವಾಗ ಕ್ಯಾಮೆರಾ ಮೇಲೆತ್ತಿದರೆ ಕಂಬಗಳು ಒಳಕ್ಕೆ ವಾಲುತ್ತವೆ. ಮೇಲಿನ ಮೆಟ್ಟಿಲಿಗೆ ಹತ್ತಿ, ಕ್ಯಾಮೆರಾ ಮಟ್ಟವಾಗಿ ಹಿಡಿಯಿರಿ.

ಲೆನ್ಸನ್ನು ಊರು ಬಿಡುವವರೆಗೂ ಬಿಚ್ಚಬೇಡಿ. ಪುಡಿ ಸೆನ್ಸರಿಗೆ ಹೋದರೆ ಬಿಡಿಸುವುದು ಕಷ್ಟ. ಹಿಂದೆ ಮುಂದೆ ಉದ್ದವಾಗುವ ಜೂಮ್ ಲೆನ್ಸ್ ಪ್ರತಿ ಸಲವೂ ಗಾಳಿಯನ್ನು, ಅದರೊಡನೆ ಪುಡಿಯನ್ನು ಒಳಕ್ಕೆಳೆಯುತ್ತದೆ. ಟೇಪು ಹಚ್ಚಿದ ಸ್ಥಿರ ಲೆನ್ಸಿಗೆ ಆ ಕಾಟ ಕಡಿಮೆ. ಮುಂದೊಂದು ಫಿಲ್ಟರ್, ಮೇಲೊಂದು ಹುಡ್ ಇರಲಿ. ಗಾಜಿನ ಮೇಲೆ ಕೂತ ಅರಿಶಿನವನ್ನು ಬಟ್ಟೆಯಿಂದ ಉಜ್ಜಬೇಡಿ, ಅದರಲ್ಲಿ ಎಣ್ಣೆಯಂಶವಿದೆ, ಮೆತ್ತಿಕೊಳ್ಳುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಆಮೇಲೆ ಮೃದು ಕುಂಚ, ಉಳಿದ ಕಲೆಗೆ ಲೆನ್ಸ್ ಕಾಗದದ ಮೇಲೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್. ಕುರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಚೀಲ, ಪಟ್ಟಿಗಳಿಗೆ ಸೋಪು ಹಚ್ಚಿದರೆ ಕಲೆ ಕೆಂಪಾದೀತು, ಸುಣ್ಣ ಬೆರೆತ ಅರಿಶಿನದಂತೆ. ಗಾಬರಿ ಬೇಡ, ಚೆನ್ನಾಗಿ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ, ದಿನ ಕಳೆದಂತೆ ಮಾಸುತ್ತದೆ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಹೋಗುವವರಿಗೆ ಒಂದು ಮಾತು: ಜೇಜುರಿ ಪುಣೆ-ಮೀರಜ್ ರೈಲು ಮಾರ್ಗದಲ್ಲೇ ಇದೆ, ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಸೋಮವತಿ ಅಮಾವಾಸ್ಯೆ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ. ಟಿಕೆಟ್ ಮಾಡಿಸುವ ಮುನ್ನ ಪಂಚಾಂಗ ನೋಡಿಕೊಳ್ಳಿ.