ಬೆನ್ನು ನೋವಿದ್ದವರಿಗೆ ಒರಗು ಸೈಕಲ್

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಕಾಕಾ ಬರುತ್ತಾರೆ. ಮೊದಲೆಲ್ಲ ಅವರು ಸೊಲ್ಲಾಪುರದಿಂದ ಪಂಢರಪುರಕ್ಕೆ ಸೈಕಲ್ ಮೇಲೆಯೇ ಹೋಗುತ್ತಿದ್ದರು. ಸುಮಾರು 70 ಕಿಲೋಮೀಟರ್ ದಾರಿ. ಈಗ ಬೆನ್ನು ನೋವು. "ನಂದು ಸೈಕಲ್ ಮುಗೀತ್ರಿ" ಅಂದರು.

ನಿಮಗೂ ಹೀಗೆ ಆಗಿದೆಯೇ? ಹಾಗಾದರೆ ಇದನ್ನು ಓದಿರಿ.

ಸಾದಾ ಸೈಕಲ್ ಮೇಲೆ ನಾವು ಮುಂದಕ್ಕೆ ಬಾಗುತ್ತೇವೆ. ಮೈಭಾರ ಸಣ್ಣ ಸೀಟಿನ ಮೇಲೆ, ಅಂಗೈ ಮೇಲೆ ಬೀಳುತ್ತದೆ. ಇನ್ನೊಂದು ಬಗೆಯ ಸೈಕಲ್ ಇದೆ. ಅದರಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಬೆನ್ನು ಆನಿಸಿ ಕೂಡಬೇಕು. ಪೆಡಲ್ ಮುಂದೆ ಇರುತ್ತವೆ. ಕಾಲು ಚಾಚಿ ತುಳಿಯಬೇಕು. ಇದಕ್ಕೆ ರಿಕಂಬೆಂಟ್ ಅಂತಾರೆ. ನಾವು ಒರಗು ಸೈಕಲ್ ಅನ್ನೋಣ.

ಇದು ಹೊಸದಲ್ಲ. 1933ರಲ್ಲಿ ಫ್ರಾನ್ಸ್ ದೇಶದ ಫ್ರಾನ್ಸಿಸ್ ಫೋರ್ ಇದರ ಮೇಲೆ ಒಂದು ತಾಸಿನಲ್ಲಿ 45 ಕಿಲೋಮೀಟರಿಗೂ ಹೆಚ್ಚು ಓಡಿಸಿ ದಾಖಲೆ ಮುರಿದರು. ಆದರೆ 1934ರಲ್ಲಿ ಇದನ್ನು ಸೈಕಲ್ ಪಂದ್ಯಗಳಿಂದ ಹೊರಗಿಟ್ಟರು. ಹಾಗಾಗಿ ಬಹಳ ಜನ ಇದನ್ನು ನೋಡಿಯೇ ಇಲ್ಲ.

ಆರಿಸುವಾಗ ಏನು ನೋಡಬೇಕು?

1. ಗಾಲಿ: ತೋಲ ತಪ್ಪುವವರಿಗೆ ಮೂರು ಗಾಲಿಯದು ಒಳ್ಳೆಯದು. ನಿಲ್ಲಿಸಿದಾಗ ಕಾಲು ಊರಬೇಕಿಲ್ಲ. ತಿರುವಿನಲ್ಲಿ ಮಾತ್ರ ಮೆಲ್ಲಗೆ ಹೋಗಬೇಕು.

2. ಸೀಟು: ಬಹಳ ತಗ್ಗಿದ್ದರೆ ಸೊಂಟ, ಮೊಣಕಾಲು ನೋವಿದ್ದವರಿಗೆ ಏಳುವುದು ಕಷ್ಟ. ಕುರ್ಚಿಯಷ್ಟು ಎತ್ತರ ಇರಲಿ.

3. ಒರಗು: ತೀರ ಮಲಗಿದಂತಾದರೆ ಕುತ್ತಿಗೆ ನೋಯಬಹುದು. ಒರಗನ್ನು ಹೆಚ್ಚು ಕಡಿಮೆ ಮಾಡಲು ಬರಬೇಕು.

4. ಕಾಲಿನ ಅಳತೆ: ಪೆಡಲ್ ದೂರ ಹೋದಾಗಲೂ ಮೊಣಕಾಲು ತುಸು ಬಾಗಿರಬೇಕು.

5. ಗೇರ್: ದಿಬ್ಬ ಏರುವಾಗ ಎದ್ದು ನಿಂತು ತುಳಿಯಲು ಬರುವುದಿಲ್ಲ. ಬೆನ್ನು ಒತ್ತಿ ಜೋರಾಗಿ ತುಳಿದರೆ ಮೊಣಕಾಲು ನೋಯುತ್ತದೆ. ಅದಕ್ಕೆ ಹಗುರವಾದ ಗೇರ್ ಬೇಕು.

6. ಪಟ್ಟಿ ಮತ್ತು ಬಾವುಟ: ಪಾದ ಜಾರಿ ನೆಲಕ್ಕೆ ತಾಗಿದರೆ ಕಾಲು ಸೈಕಲ್ ಅಡಿಗೆ ಸಿಗಬಹುದು. ಪೆಡಲಿಗೆ ಪಟ್ಟಿ ಇರಲಿ. ತಗ್ಗಿನ ಸೈಕಲ್ ಲಾರಿಯವರಿಗೆ ಬೇಗ ಕಾಣುವುದಿಲ್ಲ. ಉದ್ದ ಕೋಲಿಗೆ ಬಾವುಟ ಕಟ್ಟಿರಿ.

ಮೊದಲು ಡಾಕ್ಟರರನ್ನು ಕೇಳಿರಿ. ಕೊಳ್ಳುವ ಮುಂಚೆ ಅರ್ಧ ತಾಸಾದರೂ ಓಡಿಸಿ ನೋಡಿರಿ. ಎಲ್ಲಿ ನೋಯುತ್ತದೆ ಎಂದು ನಿಮ್ಮ ಮೈಯೇ ಹೇಳುತ್ತದೆ.

ಒರಗು ಸೈಕಲ್ ನಮ್ಮ ಕಡೆ ಸಿಗುವುದು ಅಪರೂಪ. ಬೆಲೆಯೂ ಹೆಚ್ಚು. ಸಿಗದಿದ್ದರೆ ಇದ್ದ ಸೈಕಲ್ಲನ್ನೇ ಸರಿ ಮಾಡಿಸಿರಿ. ಹ್ಯಾಂಡಲ್ ಎತ್ತರಿಸಿದರೆ ಬೆನ್ನು ಕಡಿಮೆ ಬಾಗುತ್ತದೆ. ಕಾಲಿಗೆ ಬಲ ಇಲ್ಲದವರಿಗೆ ಕೈಯಿಂದ ತಿರುಗಿಸುವ ಮೂರು ಗಾಲಿ ಸೈಕಲ್ ಇದೆ. ಅಂಗವಿಕಲತೆ ಶೇಕಡಾ 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರ ಇದ್ದವರು ಅದಕ್ಕಾಗಿ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಅರ್ಜಿ ಹಾಕಬಹುದು.

ಚಪ್ಪಲಿ ಬಿಗಿಯಾಯಿತೆಂದು ಯಾರೂ ಕಾಲು ಕೊಯ್ದುಕೊಳ್ಳುವುದಿಲ್ಲ. ಸೈಕಲ್ಲೂ ಹಾಗೇ. ಅದು ನಮ್ಮ ಮೈಗೆ ಹೊಂದಬೇಕು.

ಕಾಕಾ ಹ್ಯಾಂಡಲ್ ಎತ್ತರ ಮಾಡಿಸಿಕೊಂಡರು. ಈಗ ಕೇಂದ್ರಕ್ಕೆ ಸೈಕಲ್ ಮೇಲೆ ಬರುತ್ತಾರೆ. ಪಂಢರಪುರದ ಮಾತನ್ನು ಇನ್ನೂ ಬಿಟ್ಟಿಲ್ಲ.